ಅಡಿಕೆಯ ದ್ವೀಪದಲ್ಲಿ ನವರಾತ್ರಿ

ದೇಶಾಂತರಕ್ಕೆ ಹೊರಟ ಗೃಹಸ್ಥನಿಗೆ ಭಾಷೆಯ ಚಿಂತೆಗಿಂತಲೂ, ಹಣದ ಚಿಂತೆಗಿಂತಲೂ ಮೊದಲು ಹುಟ್ಟುವುದು ಊಟದ ಚಿಂತೆ. ಭಾಷೆ ಬಾರದಿದ್ದರೆ ಸನ್ನೆಯಿಂದ ನಡೆಯುತ್ತದೆ; ಹಣ ಸಾಲದಿದ್ದರೆ ನಾಲ್ಕು ಸ್ಥಳಗಳನ್ನು ಕಡಮೆ ನೋಡಿ ಹಿಂದಿರುಗಬಹುದು; ಊಟವಾದರೋ ದಿನಕ್ಕೆರಡು ಬಾರಿ ಎದುರಿಗೆ ಬಂದು ನಿಲ್ಲತಕ್ಕದ್ದು. ಅದರಲ್ಲಿಯೂ ಹುಟ್ಟಿನಿಂದ ಶಾಕಾಹಾರಿಗಳಾದವರೂ, ವ್ರತನಿಯಮಗಳನ್ನಿಟ್ಟುಕೊಂಡ ಹೆಂಗಸರೂ ಸಮುದ್ರದಾಚೆಯ ಮಾತೆತ್ತಿದೊಡನೆ ಹಿಂಜರಿಯುವುದು ಸಹಜವೇ. ಮಕ್ಕಳು ಪರದೇಶಗಳಲ್ಲಿ ನೆಲೆಸಿರುವ ಈ ಕಾಲದಲ್ಲಿ ಇದು ಒಬ್ಬಿಬ್ಬರ ಮನೆಯ ಮಾತಲ್ಲ. ಆದುದರಿಂದ ೨೦೨೪ನೆಯ ಇಸವಿಯ ಶರತ್ಕಾಲದಲ್ಲಿ ನಾವು ಮಲೇಷಿಯಾ ದೇಶದ ಪಿನಾಂಗ್ ದ್ವೀಪದಲ್ಲಿ ಕಳೆದ ಮೂರು ತಿಂಗಳ ಊಟೋಪಚಾರದ ವಿಷಯವನ್ನು ವಾಚಕರ ಮುಂದಿಡುವುದು ಅನುಚಿತವಾಗಲಾರದೆಂದು ಭಾವಿಸಿದ್ದೇವೆ.

ನಮ್ಮ ಮಗ ಆ ದ್ವೀಪದ ಬಯಾನ್ ಲೆಪಾಸ್ ಎಂಬಲ್ಲಿರುವ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಆರು ವರ್ಷಗಳಿಂದ ಬನ್ನಿರೆಂದು ಕರೆಯುತ್ತಲೇ ಇದ್ದನು. ಪಾಠಶಾಲೆಯ ಕೆಲಸ ಮುಗಿದ ಮೇಲೆ ನಮಗೇನೋ ಅಡ್ಡಿಯಿರಲಿಲ್ಲ; ಅಡ್ಡಿಯಾದುದು ನಮ್ಮ ಗೃಹಿಣಿಯ ನಿಯಮ. ಮದುವೆಯಾಗಿ ತೀರ್ಥಹಳ್ಳಿಯ ಸೀಮೆಯ ನಮ್ಮ ಮನೆಗೆ ಬಂದ ವರ್ಷ ಆಕೆ ಅತ್ತೆಯ ಬಾಯಿಂದ ಮೂರು ಮಾತುಗಳನ್ನು ಪಡೆದಿದ್ದಳು: ನವರಾತ್ರಿಯ ಒಂಬತ್ತು ದಿನವೂ ಏಕಭುಕ್ತ, ನೀರುಳ್ಳಿ ಬೆಳ್ಳುಳ್ಳಿ ವರ್ಜ್ಯ, ಮಡಿಯಲ್ಲಿ ಬೇಯಿಸದುದನ್ನು ಬಾಯಿಗಿಡುವಂತಿಲ್ಲ. ಅತ್ತೆ ತೀರಿಕೊಂಡು ಹದಿನೆಂಟು ವರ್ಷಗಳಾದುವು. ಆದರೂ ಮೂವತ್ತನಾಲ್ಕು ನವರಾತ್ರಿಗಳಲ್ಲಿ ಒಂದರಲ್ಲಿಯೂ ಈ ಮಾತು ತಪ್ಪಿರಲಿಲ್ಲ. ಮಗನ ಮನೆಯ ಒಲೆಯ ಮೇಲೆ ಮೊಟ್ಟೆ ಬೇಯುವುದುಂಟೆಂದು ಆಕೆಗೆ ತಿಳಿದಿತ್ತು. ಆಕೆ ಬಾಯಿಬಿಟ್ಟು ಕೇಳಿದವಳಲ್ಲ, ಅವನು ಹೇಳಿದವನೂ ಅಲ್ಲ; ಆದರೆ ಪ್ರಯಾಣದ ಮಾತು ಬಂದಾಗಲೆಲ್ಲ ಒಂದಲ್ಲ ಒಂದು ನೆವದಿಂದ ಅದು ಮುಂದಕ್ಕೆ ಹೋಗುತ್ತಿತ್ತು. ಏಳು ವರ್ಷದ ಮೊಮ್ಮಗಳು ಅಜ್ಜಿಯನ್ನು ದೂರವಾಣಿಯ ತೆರೆಯ ಮೇಲೆ ಕಂಡುದೇ ಹೆಚ್ಚು.

ಆ ವರ್ಷ ಸೊಸೆ ಎರಡನೆಯ ಬಾರಿಗೆ ಗರ್ಭಿಣಿಯಾದಳು. ಆಕೆಗೆ ತಾಯಿಯಿಲ್ಲ. ದೀಪಾವಳಿಯ ಸುಮಾರಿಗೆ ಹೆರಿಗೆಯೆಂದು ವೈದ್ಯರು ಹೇಳಿದ್ದುದರಿಂದ, ಬಾಣಂತನಕ್ಕೆ ಹೋಗುವುದಾದರೆ ನವರಾತ್ರಿಗೆ ಮುಂಚೆಯೇ ಹೋಗಬೇಕು. ನಮ್ಮ ಮನೆಯಾಕೆ ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ಸಾರಿನ ಪುಡಿಯನ್ನು ಹುರಿಯಲು ತೊಡಗಿದಳು. ಹೊರಡುವುದು ನಿಶ್ಚಯವಾಯಿತೆಂದು ನಾವು ತಿಳಿದುಕೊಂಡೆವು.

ಬೆಂಗಳೂರಿನಿಂದ ಕೌಲಾಲಂಪುರಕ್ಕೆ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆಯ ಹಾದಿ. ಅಲ್ಲಿಂದ ಮತ್ತೊಂದು ವಿಮಾನವೇರಿ ಒಂದು ಗಂಟೆಯಲ್ಲಿ ದ್ವೀಪವನ್ನು ಸೇರಬಹುದು. ಮಗನ ಮನೆ ಬಹುಮಹಡಿಯ ಕಟ್ಟಡವೊಂದರ ಹನ್ನೊಂದನೆಯ ಅಂತಸ್ತಿನಲ್ಲಿ. ಸೊಸೆ ಅತ್ತೆಯನ್ನು ನೇರವಾಗಿ ಅಡಿಗೆಮನೆಗೆ ಕರೆದೊಯ್ದು, "ಅತ್ತೆ, ಈ ಪಾತ್ರೆಗಳೆಲ್ಲ ಹೊಸವು. ನೀವು ಬರುವ ತನಕ ಒಲೆಗೆ ಏರಿಸಿಲ್ಲ. ಈ ಒಲೆಯೂ ಬೇರೆಯದೇ" ಎಂದಳು. ಹೀಗೆ ಮಾಡಬೇಕೆಂದು ನಿನಗೆ ಯಾರು ಹೇಳಿಕೊಟ್ಟರೆಂದು ಕೇಳಿದರೆ, ಎದುರುಮನೆಯ ಚೀಣೀ ವೃದ್ಧೆಯನ್ನು ನೋಡಿ ಕಲಿತುದಾಗಿ ಉತ್ತರ ಬಂದಿತು. ಆ ವೃದ್ಧೆಯ ವಿಷಯ ಮುಂದೆ ಬರುತ್ತದೆ.

ಪಿನಾಂಗ್ ಎಂಬುದು ಮಲಯ ಭಾಷೆಯಲ್ಲಿ ಅಡಿಕೆಯ ಹೆಸರು. ದ್ವೀಪದ ಹೆಸರೇ ಅಡಿಕೆಯ ದ್ವೀಪ! ಅಡಿಕೆಯ ತೋಟದ ನಡುವೆ ಬೆಳೆದ ನಮಗೆ ಇದಕ್ಕಿಂತ ಶುಭಶಕುನ ಬೇಕೆ? ೧೭೮೬ರಲ್ಲಿ ಫ್ರಾನ್ಸಿಸ್ ಲೈಟ್ ಎಂಬ ಆಂಗ್ಲನು ಇಲ್ಲಿ ವ್ಯಾಪಾರದ ನೆಲೆಯನ್ನು ಹೂಡಿದ ಮೇಲೆ ಮಲಯರ ಜೊತೆಗೆ ಚೀಣೀಯರೂ, ತಮಿಳರೂ, ಇತರರೂ ಬಂದು ಸೇರಿದರು. ರೇವುಪಟ್ಟಣವಾದ ಜಾರ್ಜ್‌ಟೌನನ್ನು ೨೦೦೮ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಸ್ಥಾನಗಳಲ್ಲಿ ಸೇರಿಸಿತು. ಅಲ್ಲಿ ೧೮೩೩ರಲ್ಲಿ ಕಟ್ಟಿದ ಮಹಾಮಾರಿಯಮ್ಮನ ದೇವಾಲಯವಿದೆ. ಅದರ ಸುತ್ತಲಿನ ಬೀದಿಗಳಲ್ಲಿ ಬಾಳೆಯ ಎಲೆ, ಕರಿಬೇವು, ನುಗ್ಗೆ, ಉದ್ದಿನಬೇಳೆ, ಯಾವುದಕ್ಕೂ ಕೊರತೆಯಿಲ್ಲ. ನಮ್ಮ ಪೆಟ್ಟಿಗೆಯ ಅರ್ಧ ಭಾರ ವ್ಯರ್ಥವೆಂದು ಮೊದಲ ದಿನವೇ ಗೊತ್ತಾಯಿತು.

ಸಂಸ್ಕೃತವನ್ನು ಓದಿದವರಿಗೆ ಅಲ್ಲಿನ ಸಂತೆಯೇ ಒಂದು ಪಾಠಶಾಲೆ. ರುಚಿಗೆ ಮಲಯರು 'ರಾಸಾ' ಎನ್ನುತ್ತಾರೆ. ಅದು ನಮ್ಮ ರಸವೇ. ಸಕ್ಕರೆ 'ಗೂಲಾ', ಅದು ಗುಡ, ಎಂದರೆ ಬೆಲ್ಲ. ಜೇನು 'ಮಾದು', ಅದು ಮಧು. ದಾಳಿಂಬೆ 'ದಲಿಮಾ', ದಾಡಿಮ. ಹುಳಿರಸ 'ಚೂಕಾ', ವೈದ್ಯಗ್ರಂಥಗಳ ಚುಕ್ರ. ಜಾಯಿಕಾಯಿಗೆ 'ಪಾಲಾ' ಎಂಬ ಹೆಸರು, ಫಲವೆಂಬ ಶಬ್ದವೇ. ಕೊತ್ತಂಬರಿಯು 'ಕತುಂಬಾರ್'. ಇದು ಸಂಸ್ಕೃತದ ಕುಸ್ತುಂಬುರು. ಈ ಒಂದು ಶಬ್ದದ ಸಲುವಾಗಿಯೇ ಪಾಣಿನಿಯು ಆರನೆಯ ಅಧ್ಯಾಯದಲ್ಲಿ ಪ್ರತ್ಯೇಕವಾದ ಸೂತ್ರವನ್ನು ಮಾಡಿದ್ದಾನೆ. ಮುಸಲ್ಮಾನರಾದ ಮಲಯರು ರಂಜಾನ್ ಮಾಸದ ಉಪವಾಸಕ್ಕೆ ಹೇಳುವ 'ಪುವಾಸ' ಎಂಬ ಮಾತೂ ನಮ್ಮ ಉಪವಾಸದಿಂದಲೇ ಬಂದುದು. ತಿನ್ನುವುದಕ್ಕೂ ತಿನ್ನದಿರುವುದಕ್ಕೂ ಮಾತುಗಳು ಒಂದೇ ಹಡಗಿನಲ್ಲಿ ಹೋದಂತೆ ತೋರುತ್ತದೆ.

ತಿಂಡಿಗಳಲ್ಲಿಯೂ ಇಂಥ ಬಾಂಧವ್ಯವನ್ನು ಕಾಣಬಹುದು. 'ಪುಟು ಮಾಯಂ' ಎಂದು ಮಾರುವುದು ಅಕ್ಕಿಯ ಹಿಟ್ಟಿನ ಒತ್ತು ಶ್ಯಾವಿಗೆ. ಮೇಲೆ ಕಾಯಿತುರಿ, ಕಂದುಸಕ್ಕರೆ. 'ಚೆಂಡೋಲ್' ಎಂಬುದು ತೆಂಗಿನಹಾಲಿನಲ್ಲಿ ಹಸುರು ಬಣ್ಣದ ಹಿಟ್ಟಿನ ಎಳೆಗಳನ್ನೂ, ತಾಳೆಯ ಬೆಲ್ಲದ ಪಾಕವನ್ನೂ, ತುರಿದ ಮಂಜುಗಡ್ಡೆಯನ್ನೂ ಹಾಕಿಕೊಡುವ ಪಾನೀಯ. ಮಲೆನಾಡಿನ ಶ್ಯಾವಿಗೆ ಕಾಯಿಹಾಲನ್ನು ಉಂಡವರಿಗೆ ಇದು ಅಪರಿಚಿತವೆನಿಸದು. ಹಸುರು ಬಣ್ಣವೂ ಪರಿಮಳವೂ 'ಪಾಂಡಾನ್' ಎಲೆಯದು. ಅದು ನಮ್ಮ ಕೇದಗೆಯ ಕುಲದ ಗಿಡ. 'ಕೋಚಿ' ಎಂಬುದು ಕಾಯಿ ಬೆಲ್ಲದ ಹೂರಣವನ್ನು ಅಂಟು ಅಕ್ಕಿಯ ಹಿಟ್ಟಿನಲ್ಲಿಟ್ಟು ಬಾಳೆಯ ಎಲೆಯಲ್ಲಿ ಮಡಿಸಿ ಹಬೆಯಲ್ಲಿ ಬೇಯಿಸಿದ ಕಡುಬು. ಚಹವನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಹೊಯ್ದು ನೊರೆಬರಿಸುವ ಕೈಚಳಕವನ್ನು ನೋಡಲು ಮೊಮ್ಮಗಳು ನಮ್ಮನ್ನು ಪ್ರತಿ ಭಾನುವಾರವೂ ಎಳೆದೊಯ್ಯುತ್ತಿದ್ದಳು.

ಶಾಕಾಹಾರಿಗಳು ಎಚ್ಚರದಿಂದಿರಬೇಕಾದ ಸಂಗತಿಯೂ ಉಂಟು. 'ಬಲಾಚಾನ್' ಎಂಬುದೊಂದು ಪದಾರ್ಥ; ಸಿಗಡಿಯನ್ನು ಉಪ್ಪಿನಲ್ಲಿ ಕಳಿಯಿಸಿ ಮಾಡಿದ ಮುದ್ದೆ. ಸೊಪ್ಪಿನ ಪಲ್ಯದಲ್ಲಿಯೂ, ಮೆಣಸಿನ ಚಟ್ನಿಯಲ್ಲಿಯೂ, ಹಣ್ಣಿನ ಕೋಸುಂಬರಿಯಲ್ಲಿಯೂ ಅದು ಕಣ್ಣಿಗೆ ಕಾಣದಂತೆ ಸೇರಿರುತ್ತದೆ. ಮಾಂಸವುಂಟೆ ಎಂದು ಕೇಳಿದರೆ ಅಂಗಡಿಯವನು ಪ್ರಾಮಾಣಿಕವಾಗಿಯೇ ಇಲ್ಲವೆನ್ನುತ್ತಾನೆ. ಆದುದರಿಂದ 'ಡಾಗಿಂಗ್' ಮಾಂಸ, 'ಈಕಾನ್' ಮೀನು, 'ಊದಾಂಗ್' ಸಿಗಡಿ, 'ತಲೂರ್' ಮೊಟ್ಟೆ ಎಂಬ ನಾಲ್ಕು ಶಬ್ದಗಳನ್ನು ಕಲಿತು, ಒಂದೊಂದನ್ನೂ ಬೇರೆಬೇರೆಯಾಗಿ ಕೇಳುವುದು ಮೇಲು.

ಇನ್ನು ನವರಾತ್ರಿಯ ಮಾತು. ಅಕ್ಟೋಬರ್ ೩ನೆಯ ತಾರೀಖು, ಆಶ್ವಯುಜ ಶುದ್ಧ ಪಾಡ್ಯ. ನಮ್ಮ ಮನೆಯಾಕೆ ಸ್ನಾನಮಾಡಿ ಕಲಶವನ್ನಿಟ್ಟು ಹೊರಗೆ ಬಂದು ನೋಡಿದರೆ, ಎದುರುಮನೆಯ ಬಾಗಿಲಿಗೆ ಹಳದಿಯ ಬಟ್ಟೆಯನ್ನು ಕಟ್ಟಿತ್ತು. ಬಿಳಿಯ ಉಡುಪನ್ನುಟ್ಟ ಎಪ್ಪತ್ತು ವರ್ಷದ ವೃದ್ಧೆಯೊಬ್ಬಳು ಊದುಬತ್ತಿಯನ್ನು ಹಿಡಿದು ನಿಂತಿದ್ದಳು. ಆ ದಿನವೇ ಚೀಣೀಯರ ಒಂಬತ್ತನೆಯ ತಿಂಗಳ ಮೊದಲ ತಿಥಿ. ಅಂದಿನಿಂದ ಒಂಬತ್ತು ದಿನ ನವರಾಜದೇವತೆಗಳ ಉತ್ಸವ. ಆ ಒಂಬತ್ತರಲ್ಲಿ ಏಳು ನಮ್ಮ ಸಪ್ತರ್ಷಿಮಂಡಲದ ನಕ್ಷತ್ರಗಳೇ. ಉಳಿದೆರಡು ಕಣ್ಣಿಗೆ ಕಾಣದವೆನ್ನುತ್ತಾರೆ. ಇವರಿಗೆಲ್ಲ ತಾಯಿಯಾದ ದೇವಿಯೊಬ್ಬಳುಂಟು. ಭಕ್ತರು ಬಿಳಿಯ ಬಟ್ಟೆಯನ್ನುಟ್ಟು, ಬೇರೆ ಪಾತ್ರೆಗಳಲ್ಲಿ ಬೇಯಿಸಿ, ಮಾಂಸವನ್ನೂ ನೀರುಳ್ಳಿ ಬೆಳ್ಳುಳ್ಳಿಗಳನ್ನೂ ಬಿಟ್ಟು ಉಣ್ಣುತ್ತಾರೆ. ಒಂಬತ್ತನೆಯ ರಾತ್ರಿ ದೇವತೆಗಳನ್ನು ಮೆರವಣಿಗೆಯಿಂದ ಸಮುದ್ರಕ್ಕೆ ಕರೆದೊಯ್ದು ಬೀಳ್ಕೊಡುತ್ತಾರೆ. ಎರಡು ಪಂಚಾಂಗಗಳೂ ಚಾಂದ್ರಮಾನವನ್ನು ಅನುಸರಿಸುವುದರಿಂದ ಈ ಎರಡು ಉತ್ಸವಗಳು ಅನೇಕ ವರ್ಷಗಳಲ್ಲಿ ಒಂದೇ ದಿನ ಮೊದಲಾಗುತ್ತವೆ. ಅಧಿಕಮಾಸವು ಬೇರೆಬೇರೆ ಕಡೆ ಬಿದ್ದಾಗ ಒಂದು ತಿಂಗಳಷ್ಟು ಅಗಲುತ್ತವೆ. ೨೦೨೫ರಲ್ಲಿ ನಮ್ಮ ನವರಾತ್ರಿ ಸೆಪ್ಟೆಂಬರ್ ೨೨ಕ್ಕೂ, ಅವರದು ಅಕ್ಟೋಬರ್ ೨೧ಕ್ಕೂ ಆರಂಭವಾದುವು.

ಮೂರನೆಯ ದಿನ ನಮ್ಮ ಮನೆಯಾಕೆ ತೊಗರಿಬೇಳೆಯ ಸಾರು, ಕೋಸುಂಬರಿ, ಪಾಯಸಗಳನ್ನು ಮಾಡಿ, ಮೊಮ್ಮಗಳನ್ನು ದುಭಾಷಿಯನ್ನಾಗಿಟ್ಟುಕೊಂಡು ಎದುರುಮನೆಗೆ ಕೊಂಡುಹೋದಳು. ವೃದ್ಧೆ ಎರಡೂ ಕೈಗಳಿಂದ ತೆಗೆದುಕೊಂಡಳು. ಸಾರಿನ ಮುಚ್ಚಳವನ್ನು ತೆರೆದೊಡನೆ ಆಕೆಯ ಮುಖ ಬದಲಾಯಿತು. ಪಾತ್ರೆಯನ್ನು ಮೆಲ್ಲಗೆ ಬದಿಗಿಟ್ಟು, ಕೈಮುಗಿದು, ಏನೋ ಹೇಳಿದಳು. "ಅಜ್ಜಿ, ಬೆಳ್ಳುಳ್ಳಿಯ ವಾಸನೆಯಂತೆ, ಆಮಾ ಈಗ ತಿನ್ನುವುದಿಲ್ಲವಂತೆ" ಎಂದಳು ಮಗು. ಬೆಳ್ಳುಳ್ಳಿಯೆಲ್ಲಿಂದ ಬಂದೀತು? ಅದು ಒಗ್ಗರಣೆಯ ಇಂಗು! ನಾವು ಬೆಳ್ಳುಳ್ಳಿಯನ್ನು ಬಿಟ್ಟ ದಿನ ಯಾವುದರಿಂದ ರುಚಿಯನ್ನು ತರುತ್ತೇವೆಯೋ ಅದೇ ಅಲ್ಲಿ ವರ್ಜ್ಯವಾಯಿತು. ವಿಚಾರಿಸಿದರೆ ಇದಕ್ಕೆ ಆಧಾರವೂ ಉಂಟು. ಚೀಣೀ ಬೌದ್ಧರ ನಿಯಮದಲ್ಲಿ ನಿಷಿದ್ಧವಾದ ಐದು ಕಟುಗಂಧಗಳೊಳಗೆ 'ಶಿಂಗ್‌ಚೂ' ಎಂಬುದೊಂದು. ಅದು ಸಂಸ್ಕೃತದ ಹಿಂಗುವೆಂಬ ಶಬ್ದವನ್ನೇ ಚೀಣೀ ಅಕ್ಷರಗಳಲ್ಲಿ ಬರೆದುದು.

ಮೂವತ್ತನಾಲ್ಕು ವರ್ಷ ಮಾಡಿದ ಸಾರನ್ನು ಹೀಗೆ ಹಿಂದಿರುಗಿಸಿದರೆ ಯಾವ ಗೃಹಿಣಿಗೆ ನೋವಾಗದು? ಆದರೆ ನಮ್ಮ ಮನೆಯಾಕೆ ನಗುತ್ತ ಒಳಗೆ ಬಂದು, "ಪಾಪ, ಎಷ್ಟು ಶ್ರದ್ಧೆ ಅವರಿಗೆ! ತಿಂದುಬಿಡಬಹುದಾಗಿತ್ತು, ತಿನ್ನಲಿಲ್ಲ ನೋಡಿ" ಎಂದಳು. ಮರುದಿನ ಇಂಗಿಲ್ಲದೆ, ಜೀರಿಗೆ ಕಾಳುಮೆಣಸುಗಳ ಸಾರನ್ನು ಮಾಡಿ ಮತ್ತೆ ಕಳುಹಿಸಿದಳು. ಪಾತ್ರೆ ತೊಳೆದು ಬರಿದಾಗಿ ಬಂದಿತು.

ಏಳನೆಯ ದಿನ ಮಧ್ಯಾಹ್ನ ವೃದ್ಧೆಯೇ ಬಾಗಿಲಿಗೆ ಬಂದಳು. ಕೈಯಲ್ಲಿ ಮುಚ್ಚಿದ ಬೋಗುಣಿ. ಅಕ್ಕಿಯ ಸಣ್ಣ ಶ್ಯಾವಿಗೆಗೆ ಕೋಸು, ಗಜ್ಜರಿ, ಹುರುಳಿಕಾಯಿ ಬೆರೆಸಿ ಬಾಡಿಸಿದ 'ಬೀ ಹೂನ್'. ಮನೆಯಲ್ಲೆಲ್ಲ ಮೌನ. ಮಗ ತಾಯಿಯ ಮುಖವನ್ನು ನೋಡುತ್ತಿದ್ದನು. ಸೊಸೆ ನೆಲವನ್ನು ನೋಡುತ್ತಿದ್ದಳು. ಆಕೆ ತಿನ್ನದಿದ್ದರೆ ಯಾರೂ ತಪ್ಪೆನ್ನುವಂತಿರಲಿಲ್ಲ. ಆಪತ್ಕಾಲ, ದೇಶಕಾಲ ಎಂದು ಧರ್ಮಶಾಸ್ತ್ರದ ಮಾತುಗಳನ್ನು ನಾವು ನಾಲಗೆಯ ತುದಿಯಲ್ಲಿಟ್ಟುಕೊಂಡು ಕುಳಿತಿದ್ದೆವು. ಅವುಗಳ ಅಗತ್ಯ ಬೀಳಲಿಲ್ಲ. ಆಕೆ ಬೋಗುಣಿಯನ್ನು ತೆಗೆದುಕೊಂಡು ಕಲಶದ ಮುಂದಿಟ್ಟು ನೈವೇದ್ಯಮಾಡಿ, ಎಲೆಯ ಮೇಲೆ ಬಡಿಸಿಕೊಂಡಳು.

"ಅಮ್ಮಾ, ನಿನ್ನ ನಿಯಮ?" ಎಂದನು ಮಗ.

"ಮಡಿಯಲ್ಲಿ ಬೇಯಿಸದುದನ್ನು ತಿನ್ನಬಾರದೆಂದು ಅಲ್ಲವೇನೋ ನಿನ್ನ ಅಜ್ಜಿ ಹೇಳಿದ್ದು? ಅವರು ಮಿಂದು, ಬಿಳಿ ಉಟ್ಟು, ಬೇರೆ ಪಾತ್ರೆಯಲ್ಲಿ ಮಾಡಿದ್ದಾರೆ. ಅವರದೂ ಮಡಿಯೇ ಅಲ್ಲವೆ?"

ಆ ದಿನ ಸಾಯಂಕಾಲ ಸೊಸೆ ಅಡಿಗೆಮನೆಯಲ್ಲಿ ಅತ್ತೆಯ ಬಳಿ ಬಹಳ ಹೊತ್ತು ಮಾತನಾಡುತ್ತಿದ್ದಳು. ಮೊಟ್ಟೆಯ ವಿಷಯವೂ ಅಲ್ಲಿಯೇ ಬಂದಿತೆಂದು ಆಮೇಲೆ ತಿಳಿಯಿತು. ಬಾಣಂತನ ಮುಗಿಯುವ ತನಕ ಆ ಮನೆಯಲ್ಲಿ ಅದು ಬೇಯಲಿಲ್ಲ. ಮುಂದಿನದು ಅವರ ಮನೆಯ ಮಾತೆಂದು ನಮ್ಮ ಮನೆಯಾಕೆ ಅಲ್ಲಿಗೆ ಬಿಟ್ಟಳು. ಆರು ವರ್ಷ ಯಾರೂ ಆಡದಿದ್ದ ಮಾತು ಒಂದು ಸಂಜೆಯಲ್ಲಿ ತೀರಿತು.

ದೀಪಾವಳಿ ಕಳೆದ ವಾರದಲ್ಲಿ ಮೊಮ್ಮಗ ಹುಟ್ಟಿದನು. ಚೀಣೀಯರಲ್ಲಿಯೂ ಬಾಣಂತಿಗೆ ಒಂದು ತಿಂಗಳ ಪಥ್ಯವುಂಟು: ತಣ್ಣೀರು ಕೂಡದು, ಗಾಳಿ ಕೂಡದು, ಶುಂಠಿ ಎಳ್ಳೆಣ್ಣೆ ಬೇಕು. ಬಲಿತ ಶುಂಠಿಯನ್ನು ವೃದ್ಧೆ ತಾನೇ ಆರಿಸಿ ತಂದುಕೊಟ್ಟಳು. ತಿಂಗಳು ತುಂಬಿದ ದಿನ ಮಗುವಿನ ಮನೆಯವರು 'ಆಂಗ್ ಕೂ' ಎಂಬ ಕೆಂಪು ಕಡುಬನ್ನು ಹಂಚುವುದು ಅವರ ಪದ್ಧತಿ. ಹೆಸರುಬೇಳೆಯ ಹೂರಣ, ಮೇಲೆ ಆಮೆಯ ಆಕಾರದ ಅಚ್ಚು. ಆಮೆಯಂತೆ ಮಗು ದೀರ್ಘಾಯುವಾಗಲೆಂದು ಅರ್ಥ. ನಮಗೆ ಮಾಡಲು ಬಾರದೆಂದು ಆಕೆಯೇ ಅಚ್ಚನ್ನು ತಂದು, ನಮ್ಮ ಮನೆಯಾಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿಸಿ, ಆ ಅಂತಸ್ತಿನ ಮನೆಗಳಿಗೆಲ್ಲ ನಮ್ಮ ಕೈಯಿಂದಲೇ ಹಂಚಿಸಿದಳು.

ಪರದೇಶದಲ್ಲಿ ನಿಯಮವನ್ನು ಬಿಟ್ಟವರಿಗೆ ಮಾತ್ರ ಸುಖವೆಂದು ಕೆಲವರು ಹೇಳುತ್ತಾರೆ. ನಿಯಮವುಳ್ಳವರು ಮನೆಯಲ್ಲಿಯೇ ಇರತಕ್ಕದ್ದೆಂದು ಇನ್ನು ಕೆಲವರು. ನಾವು ಕಂಡುದು ಇವೆರಡೂ ಅಲ್ಲ. ತಾನೊಂದು ನಿಯಮವನ್ನು ಶ್ರದ್ಧೆಯಿಂದ ನಡೆಸುವವರೇ ಇನ್ನೊಬ್ಬರ ನಿಯಮವನ್ನು ಬೇಗನೆ ಗುರುತಿಸಿ ಮನ್ನಿಸುತ್ತಾರೆ. ಮಕ್ಕಳ ಕರೆಗೆ ಓಗೊಡಲು ಹಿಂಜರಿಯುತ್ತಿರುವ ತಾಯಂದಿರು ಸಾರಿನ ಪುಡಿಯನ್ನು ಅವಶ್ಯವಾಗಿ ಕಟ್ಟಿಕೊಳ್ಳಲಿ; ಆದರೆ ಪೆಟ್ಟಿಗೆಯಲ್ಲಿ, ಬರುವಾಗ ತರಬೇಕಾದುದಕ್ಕೆ ಸ್ವಲ್ಪ ಸ್ಥಳವನ್ನು ಉಳಿಸಿಕೊಳ್ಳಲಿ. ನಮ್ಮ ದೇವರಗೂಡಿನ ಪಕ್ಕದ ಹಲಗೆಯ ಮೇಲೆ ಈಗ ಆಮೆಯ ಮರದಚ್ಚೊಂದು ಇದೆ.