ಗುಟ್ಟು ಕಾಯುವವರ ನೌಕರಿ

ಸಿರುಗುಪ್ಪದ ಆಸ್ಪತ್ರೆ ಮನೆ ಹತ್ತಿರವಿದ್ದರೂ ಎಚ್‌ಐವಿ ಪರೀಕ್ಷೆಗೆಂದು ಬಸ್ಸು ಹತ್ತಿ ಬಳ್ಳಾರಿಗೆ ಬರುವವರಿದ್ದಾರೆ. “ಅಲ್ಲಿ ಎಲ್ಲಾರೂ ಗುರ್ತಿನವ್ರ ಅದಾರ್ರೀ ಮೇಡಂ” ಅನ್ನುತ್ತಾರೆ. ಕುರುಗೋಡು ಕಡೆಯವರದೂ ಇದೇ ಮಾತು. ಮಾತ್ರೆ ಡಬ್ಬಿಯ ಮೇಲಿನ ಚೀಟಿಯನ್ನು ಆಸ್ಪತ್ರೆಯ ಬಾಗಿಲಲ್ಲೇ ಕಿತ್ತೆಸೆದು ಒಯ್ಯುವ ಹೆಣ್ಣುಮಕ್ಕಳನ್ನು ನಾನು ನೋಡುತ್ತಲೇ ಇದ್ದೇನೆ.

ನಾನು ಆಪ್ತಸಮಾಲೋಚಕಿ. ಪರೀಕ್ಷೆಗೆ ಮೊದಲು ಒಪ್ಪಿಗೆ ಪಡೆಯುವುದು, ಫಲಿತಾಂಶ ತಿಳಿಸುವುದು, ಧೈರ್ಯ ತುಂಬುವುದು ನನ್ನ ಕೆಲಸ. ಗುಟ್ಟು ಕೇಳಿಕೊಂಡು ಬರುವವರು ಬಹಳ: ಬೀಗರಾಗಲಿರುವವರು, ಅತ್ತೆಯಂದಿರು, ಊರ ಹಿರಿಯರು. ಒಮ್ಮೆ ಒಬ್ಬ ಮುಖಂಡರು ಒಬ್ಬ ಹುಡುಗನ ರಿಪೋರ್ಟು ಕೇಳಿದರು. ಹೇಳುವುದಿಲ್ಲ ಎಂದೆ. “ನಿಮ್ಮದು ಗುತ್ತಿಗೆ ನೌಕರಿ ಅಲ್ಲೇನ್ರೀ?” ಎಂದು ಕೇಳಿ ಎದ್ದು ಹೋದರು. ಮುಂದಿನ ನವೀಕರಣದ ಆದೇಶ ಕೈಗೆ ಬರುವವರೆಗೂ ನನಗೆ ನಿದ್ದೆ ಹತ್ತಲಿಲ್ಲ.

ಕಾನೂನು ನನ್ನ ಪರವಾಗಿತ್ತು. ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಅದೇ ವರ್ಷ ಸಂಸತ್ತು ಒಪ್ಪಿದ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಚಿಕಿತ್ಸೆಗೆ ಬೇಕಾದಾಗ, ನ್ಯಾಯಾಲಯ ಆದೇಶಿಸಿದಾಗ ಎಂಬಂಥ ಕೆಲವು ಸಂದರ್ಭ ಬಿಟ್ಟರೆ ರೋಗಿಯ ಒಪ್ಪಿಗೆಯಿಲ್ಲದೆ ಅವರ ಸ್ಥಿತಿಯನ್ನು ಯಾರಿಗೂ ಹೇಳುವಂತಿಲ್ಲ. ಅಪಾಯದಲ್ಲಿರುವ ಸಂಗಾತಿಗೆ ವೈದ್ಯರು ಅಥವಾ ಆಪ್ತಸಮಾಲೋಚಕರು ತಿಳಿಸಬಹುದು. ಹೇಳಿದರೆ ಹೆಣ್ಣಿಗೆ ಹೊಡೆತ ಬೀಳುತ್ತದೆ, ಮನೆಯಿಂದ ಹೊರಗೆ ಹಾಕುತ್ತಾರೆ ಎಂಬ ಭಯವಿದ್ದರೆ ಅದೂ ಕೂಡದು. ಈ ಒಂದು ಮಾತನ್ನು ಬರೆದವರಿಗೆ ನಮ್ಮ ಹಳ್ಳಿಗಳು ಗೊತ್ತಿದ್ದವು ಅನ್ನಿಸುತ್ತದೆ.

ಇದೇ ಕಾಯ್ದೆ ನಮ್ಮನ್ನೂ ಕಾಯುತ್ತದೆ. ನರ್ಸಿಗೆ ಸೂಜಿ ಚುಚ್ಚಿದರೆ ಆಸ್ಪತ್ರೆ ತಡೆ ಔಷಧ ಕೊಡಲೇಬೇಕು. ಅದನ್ನು 72 ಗಂಟೆಯೊಳಗೆ ಶುರು ಮಾಡಿ 28 ದಿನ ನುಂಗಬೇಕು. ಸೋಂಕು ತಗುಲಿತೆಂಬ ಕಾರಣಕ್ಕೇ ಕೆಲಸದಿಂದ ತೆಗೆಯುವಂತಿಲ್ಲ, ನೌಕರಿ ಕೊಡುವ ಮುನ್ನ ಎಚ್‌ಐವಿ ಪರೀಕ್ಷೆ ಕೇಳುವಂತೆಯೂ ಇಲ್ಲ. ಆದರೂ ಸೂಜಿ ಚುಚ್ಚಿದ್ದನ್ನು ಮುಚ್ಚಿಡುವ ಗುತ್ತಿಗೆ ನರ್ಸುಗಳಿದ್ದಾರೆ. ವರ್ಷ ಮುಗಿದ ಮೇಲೆ ಸುಮ್ಮನೆ ನವೀಕರಣ ಮಾಡದಿದ್ದರೆ ಕಾರಣ ಕೇಳುವವರು ಯಾರು?

ರೋಗಿಯ ಗುಟ್ಟನ್ನು ಕಾಯಲು ನೇಮಿಸಿದವರ ನೌಕರಿಯನ್ನು ಸರ್ಕಾರ ಮೊದಲು ಕಾಯಂ ಮಾಡಲಿ. ನಿಮ್ಮ ರಿಪೋರ್ಟು ಬಯಲಾಗಿದ್ದರೆ ಆಸ್ಪತ್ರೆಯ ದೂರು ಅಧಿಕಾರಿಗೆ ಬರೆದುಕೊಡಿ. ಸಲಹೆ ಬೇಕಿದ್ದರೆ 1097ಕ್ಕೆ ಕರೆ ಮಾಡಿ, ದುಡ್ಡು ಕೊಡಬೇಕಿಲ್ಲ.