ಸ್ಪೀಡ್ ಇದ್ರೂ ಗೇಮ್ ಲ್ಯಾಗ್ ಆಗೋದ್ಯಾಕೆ? ದೊಡ್ಡ ಪ್ಲಾನ್ ಹಾಕಿಸೋ ಮುಂಚೆ ಇಷ್ಟು ನೋಡಿ

ಎದುರಾಳಿ ಕಣ್ಣೆದುರೇ ಇದ್ದಾನೆ, ಎಷ್ಟು ಗುಂಡು ಹೊಡೆದ್ರೂ ತಾಗಲ್ಲ. ಎರಡು ಸೆಕೆಂಡ್ ನಿಂತು ಮತ್ತೆ ಶುರುವಾಗೋ ಹೊತ್ತಿಗೆ ನಾವೇ ಔಟ್. ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್ ಆಡೋ ಹುಡುಗರಿರುವ ಮನೆಯಲ್ಲಿ ಈ ಗೊಣಗಾಟ ಇದ್ದದ್ದೇ. ಕೊನೆಗೆ ಅದು ಅಪ್ಪನ ಜೇಬಿಗೆ ಬರುತ್ತೆ: “40 ಎಂಬಿಪಿಎಸ್ ಸಾಲಲ್ಲ, 100ರದ್ದು ಹಾಕ್ಸಿ.” ಹಾಕಿಸಿದ ಮೇಲೂ ಲ್ಯಾಗ್ ಹಾಗೇ ಇರೋ ಮನೆಗಳು ಬೇಕಾದಷ್ಟಿವೆ. ಕಾರಣ ಇಷ್ಟೇ, ಆಟಕ್ಕೆ ಬೇಕಾಗಿರೋದು ಸ್ಪೀಡ್ ಅಲ್ಲ, ಪಿಂಗ್.

ಪಿಂಗ್ ಅಂದ್ರೇನು?

ನೀವು ಬಟನ್ ಒತ್ತಿದ ಸುದ್ದಿ ಗೇಮ್ ಕಂಪನಿಯ ಸರ್ವರ್‌ಗೆ ಹೋಗಿ, ಉತ್ತರ ವಾಪಸ್ ಬರೋಕೆ ಹಿಡಿಯೋ ಸಮಯವೇ ಪಿಂಗ್. ಲೆಕ್ಕ ಮಿಲಿಸೆಕೆಂಡ್‌ನಲ್ಲಿ. ಆಟದ ಸ್ಕ್ರೀನ್ ಮೂಲೆಯಲ್ಲಿ ಸಣ್ಣದಾಗಿ ಕಾಣೋ ನಂಬರ್ ಇದೇ. 50ರ ಒಳಗಿದ್ರೆ ಆರಾಮ, 100 ದಾಟಿದ್ರೆ ಗೊತ್ತಾಗುತ್ತೆ, 200 ದಾಟಿದ್ರೆ ಆಡೋದು ಕಷ್ಟ.

ಎಂಬಿಪಿಎಸ್ ಅಂದ್ರೆ ರಸ್ತೆ ಎಷ್ಟು ಅಗಲ ಅನ್ನೋ ಲೆಕ್ಕ. ರಸ್ತೆ ಅಗಲ ಮಾಡಿದ್ರೆ ಒಟ್ಟಿಗೆ ಹೆಚ್ಚು ಗಾಡಿ ಹೋಗುತ್ತೆ, ಊರು ಹತ್ತಿರ ಬರಲ್ಲ. ಆಟಕ್ಕೆ ಹೋಗಿಬರೋ ಡೇಟಾ ಒಂದು ಎಚ್‌ಡಿ ವಿಡಿಯೋ ನೋಡೋದಕ್ಕಿಂತ ಎಷ್ಟೋ ಕಡಿಮೆ.

ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತೆ. ಸರ್ವರ್ 1,000 ಕಿ.ಮೀ. ದೂರ ಇದ್ರೂ ಹೋಗಿ ಬರೋಕೆ ಬೇಕಿರೋದು 10 ಮಿಲಿಸೆಕೆಂಡ್. ದಾರಿಯಲ್ಲಿರೋ ಮಷಿನ್‌ಗಳ ಸಮಯ ಸೇರಿಸಿದ್ರೂ 30, 50 ಆಗಬಹುದು. ಅದು 200, 300 ತೋರಿಸ್ತಿದ್ರೆ, ಒಂದೋ ಆಟದಲ್ಲಿ ದೂರದ ದೇಶದ ಸರ್ವರ್ ಸೆಲೆಕ್ಟ್ ಆಗಿದೆ, ಇಲ್ಲಾ ಸುದ್ದಿ ನಡುವೆ ಎಲ್ಲೋ ಸಿಕ್ಕಾಕಿಕೊಂಡಿದೆ. ಸೆಟ್ಟಿಂಗ್ಸ್‌ನಲ್ಲಿ ಸರ್ವರ್ ಆಯ್ಕೆ ಇದ್ರೆ ಭಾರತ ಅಥವಾ ಏಷ್ಯಾ ಇದೆಯಾ ಮೊದಲು ನೋಡಿ. ಆಮೇಲೆ ಎಲ್ಲಿ ಸಿಕ್ಕಿದೆ ಹುಡುಕಿ.

ದುಡ್ಡಿಲ್ಲದೆ ಮಾಡೋ ಮೂರು ಪರೀಕ್ಷೆ

1. ರೂಟರ್ ಪಕ್ಕ ಕೂತು ಆಡಿ. ಅಲ್ಲಿ ಪಿಂಗ್ ಇಳಿದು, ರೂಮಿಗೆ ಹೋದ ತಕ್ಷಣ ಏರಿದ್ರೆ ತಪ್ಪು ಲೈನ್‌ನದ್ದಲ್ಲ, ವೈಫೈದು. ರೂಟರ್ ಸ್ಟೀಲ್ ಬೀರು ಹಿಂದೆ, ಟಿವಿ ಹಿಂದೆ ಇದ್ರೆ ಹೊರಗೆ ತೆಗೆದು ಎತ್ತರಕ್ಕೆ ಇಡಿ. ಎರಡು ವೈಫೈ ಹೆಸರು ಬರೋ ರೂಟರ್ ಆದ್ರೆ ಹತ್ತಿರದಲ್ಲಿ ಆಡೋರು 5 ಗಿಗಾಹರ್ಟ್ಸ್‌ನದಕ್ಕೆ ಕನೆಕ್ಟ್ ಆಗಿ. 2.4 ಗೋಡೆ ದಾಟಿ ದೂರ ಹೋಗುತ್ತೆ ನಿಜ, ಆದ್ರೆ ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲಾ ಅದರಲ್ಲೇ ಗದ್ದಲ ಮಾಡ್ತವೆ. ಕಂಪ್ಯೂಟರ್‌ನಲ್ಲಿ ಆಡೋರು ಲ್ಯಾನ್ ಕೇಬಲ್ ಎಳೆದ್ರೆ ಈ ತಲೆನೋವೇ ಇಲ್ಲ.

2. ಬೇರೆ ಎಲ್ಲಾ ಫೋನ್, ಟಿವಿ, ಕ್ಯಾಮೆರಾ ಹತ್ತು ನಿಮಿಷ ನೆಟ್‌ನಿಂದ ಬಿಡಿಸಿ. ಆಗ ಸರಿಹೋದ್ರೆ ಮನೆಯೊಳಗೇ ಯಾರೋ ಲೈನ್ ತುಂಬಿಸ್ತಿದ್ದಾರೆ ಅಂತ ಅರ್ಥ.

3. ಅದೇ ಜಾಗದಲ್ಲಿ ಮೊಬೈಲ್ ಡೇಟಾ ಹಾಕಿ ಆಡಿ. ರೂಟರ್ ಪಕ್ಕವೂ ಕೆಟ್ಟದಾಗಿದ್ದು, ಡೇಟಾದಲ್ಲಿ ಚೆನ್ನಾಗಿದ್ರೆ ತೊಂದರೆ ಹೊರಗಿನ ಲೈನ್‌ನಲ್ಲಿರೋ ಸಾಧ್ಯತೆ ಹೆಚ್ಚು.

ಅಂಗಡಿಯವರು ಗಮನಿಸಿ

ಕೆಳಗೆ ಅಂಗಡಿ, ಮೇಲೆ ಮನೆ, ಎರಡಕ್ಕೂ ಒಂದೇ ಕನೆಕ್ಷನ್. ಅಂಗಡಿಯ ಸಿಸಿ ಕ್ಯಾಮೆರಾ ರೆಕಾರ್ಡಿಂಗ್ ಕ್ಲೌಡ್‌ಗೆ ಹೋಗೋ ಹಾಗಿದ್ರೆ ಅದು ದಿನವಿಡೀ ಅಪ್‌ಲೋಡ್ ಆಗ್ತಾನೇ ಇರುತ್ತೆ. ಜೊತೆಗೆ ಎಲ್ಲರ ಫೋನಿನ ಫೋಟೋ ಬ್ಯಾಕಪ್. ಅಪ್‌ಲೋಡ್ ತುಂಬಿದಾಗ ರೂಟರ್ ಎಲ್ಲವನ್ನೂ ಸಾಲಲ್ಲಿ ನಿಲ್ಲಿಸುತ್ತೆ. ಮಗನ ಗೇಮ್ ಆ ಸಾಲಿನ ಕೊನೆಯಲ್ಲಿ ನಿಂತ ಹಾಗೆ, ಅದೇ ವೈಫೈ ನಂಬಿರೋ ನಿಮ್ಮ ಸ್ವೈಪಿಂಗ್ ಮಷಿನ್ನೂ ಅಲ್ಲೇ ನಿಂತಿರುತ್ತೆ. ಗಿರಾಕಿ ಕಾಯೋದು, ಮಗ ಬೈಕೊಳ್ಳೋದು, ಎರಡಕ್ಕೂ ಕಾರಣ ಒಂದೇ ಇರಬಹುದು.

ಕ್ಯಾಮೆರಾದ ವಿಡಿಯೋ ಕ್ವಾಲಿಟಿ ಒಂದು ಹಂತ ಇಳಿಸಿ, ಅಥವಾ ಮೆಮೊರಿ ಕಾರ್ಡ್‌ಗೇ ರೆಕಾರ್ಡ್ ಮಾಡಿಸಿ. ಫೋಟೋ ಬ್ಯಾಕಪ್ ರಾತ್ರಿ ಮಲಗುವಾಗ ಆನ್ ಮಾಡಿ. ರೂಟರ್ ಸೆಟ್ಟಿಂಗ್‌ನಲ್ಲಿ ‘ಕ್ಯೂಒಎಸ್’ ಅಂತ ಇದ್ರೆ ಯಾವುದಕ್ಕೆ ಮೊದಲ ಸರದಿ ಅಂತ ಹೇಳಬಹುದು.

ಪಿಂಗ್ ಬೂಸ್ಟರ್ ಆ್ಯಪ್ ಬೇಡ

ಫ್ರೀ ಬೂಸ್ಟರ್‌ಗಳಲ್ಲಿ ಎಷ್ಟೋ ಬರೀ ವಿಪಿಎನ್. ನಿಮ್ಮ ಡೇಟಾವನ್ನ ಇನ್ನೊಂದು ಕಡೆ ಸುತ್ತಿಸಿ ಕಳಿಸ್ತವೆ. ಕಂಪನಿಯ ದಾರಿಯೇ ಕೆಟ್ಟಿದ್ದಾಗ ಅಪರೂಪಕ್ಕೆ ಉಪಯೋಗ ಆಗಬಹುದು, ಇಲ್ಲದಿದ್ರೆ ಪಿಂಗ್ ಜಾಸ್ತಿನೇ ಆಗುತ್ತೆ. ಯುಪಿಐ ಇರೋ ಫೋನಿಗೆ ಯಾರದೋ ಆ್ಯಪ್ ಹಾಕಿ ಎಲ್ಲಾ ಪರ್ಮಿಷನ್ ಕೊಡೋದು ಆಟಕ್ಕಿಂತ ದುಬಾರಿ ಬೀಳುತ್ತೆ.

ಇನ್ನೊಂದು ವಿಷಯ. ಪಿಂಗ್ 40 ಇದ್ದೂ ಚಿತ್ರ ತಡವರಿಸಿದ್ರೆ ಅದು ನೆಟ್ ಅಲ್ಲ, ಫೋನ್ ಕಾದಿದೆ. ಚಾರ್ಜಿಗೆ ಹಾಕಿಕೊಂಡು ಆಡಬೇಡಿ, ಗ್ರಾಫಿಕ್ಸ್ ‘ಸ್ಮೂತ್’ಗೆ ಇಳಿಸಿ.

ಲೈನ್‌ನದ್ದೇ ತಪ್ಪಾದ್ರೆ?

ಒಂದು ಫೈಬರ್ ಎಳೆಯನ್ನ 32 ಅಥವಾ 64 ಮನೆಗೆ ಹಂಚೋದು ಸಾಮಾನ್ಯ. ಸಂಜೆ 7ರಿಂದ 10ರ ತನಕ ಮಾತ್ರ ಲ್ಯಾಗ್ ಇದ್ದು ಬೆಳಗ್ಗೆ ಸರಿ ಇದ್ರೆ, ಏರಿಯಾದ ಲೈನ್ ತುಂಬಿದೆ ಅನ್ನೋ ಸೂಚನೆ. ದಿನವಿಡೀ ಬಿಟ್ಟು ಬಿಟ್ಟು ಕಟ್ ಆಗ್ತಿದ್ರೆ ವೈರ್ ಎಲ್ಲಾದ್ರೂ ಬಾಗಿದೆಯಾ, ಜಾಯಿಂಟ್ ಹಾಳಾಗಿದೆಯಾ ಚೆಕ್ ಮಾಡ್ಸಿ.

“ನೆಟ್ ಸ್ಲೋ ಇದೆ” ಅಂತ ಫೋನ್ ಮಾಡಿದ್ರೆ ಕೇಬಲ್‌ನವರು ಸ್ಪೀಡ್ ಟೆಸ್ಟ್ ತೋರಿಸಿ ಹೋಗ್ತಾರೆ. ಬದಲಿಗೆ ರೂಟರ್ ಪಕ್ಕ ಕೂತು ಬೆಳಗ್ಗೆ, ಮಧ್ಯಾಹ್ನ, ರಾತ್ರಿ ತೆಗೆದ ಪಿಂಗ್ ಸ್ಕ್ರೀನ್‌ಶಾಟ್ ಮೂರು ದಿನದ್ದು ಕೊಡಿ. ದೂರಿನ ಡಾಕೆಟ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ, ಸರಿಹೋಗದಿದ್ರೆ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಹೋಗೋಕೆ ಅದು ಬೇಕು. ಪ್ಲಾನ್ ಬದಲಾಯಿಸೋ ಮಾತು ಆಮೇಲೆ.