ಓದಿದ್ದು ಮಕ್ಕಳ ಕಣ್ಣಿಗೆ ಕಾಣಲಿ



ಟೇಕಲ್‌ನ ನಮ್ಮ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಮದ್ರಸಾದಲ್ಲಿ ಅರಬಿ. ಅಕ್ಷರ ಕಲಿತು ಸರಾಗವಾಗಿ ಓದುತ್ತಾರೆ. ಪುಸ್ತಕ ಮುಚ್ಚಿ, 'ಏನು ಓದಿದೆ ಬೇಟಾ?' ಎಂದರೆ ಸುಮ್ಮನಾಗುತ್ತಾರೆ. ನಾಲಿಗೆ ಓದಿದೆ, ಮನಸ್ಸು ಏನನ್ನೂ ಕಂಡಿಲ್ಲ. ಇಂಥ ಓದು ಪರೀಕ್ಷೆಗೂ ಒದಗದು, ಬದುಕಿಗೂ ಒದಗದು.

'ಇಕ್ರಅ್', ಓದು ಎಂಬ ಆಜ್ಞೆಯಿಂದ ಅವತೀರ್ಣ ಆರಂಭವಾದ ಕುರ್‌ಆನ್, ಕಣ್ಣಿಗೆ ಕಟ್ಟುವ ಉಪಮೆಗಳಲ್ಲಿ ಮಾತಾಡುತ್ತದೆ. ಸೂರಃ ಅಲ್ ಬಕರಃದ 264ನೇ ಆಯತ್ ನೋಡಿ. ಜನ ನೋಡಲೆಂದು ಮಾಡಿದ ದಾನವನ್ನು ಅಲ್ಲಿ ನುಣುಪು ಬಂಡೆಯ ಮೇಲಿನ ಮಣ್ಣಿಗೆ ಹೋಲಿಸಲಾಗಿದೆ. ಜೋರು ಮಳೆ ಬಿದ್ದರೆ ಬರೀ ಬಂಡೆ ಉಳಿಯುತ್ತದೆ. ಟೇಕಲ್ ಬೆಟ್ಟದ ಬಂಡೆಗಳನ್ನು ದಿನವೂ ನೋಡುವ ಮಗುವಿಗೆ ಇದು ಕಷ್ಟವೇ? ಕೇಳಿ: ಬಂಡೆ ಎಷ್ಟು ದೊಡ್ಡದಿತ್ತು? ಅದರ ಮೇಲೆ ಮಣ್ಣೆಷ್ಟಿತ್ತು? ಅಲ್ಲಿ ರಾಗಿ ಚೆಲ್ಲಿದ್ದರೆ ಬೆಳೆಯುತ್ತಿತ್ತೇ? ಮಳೆ ನಿಂತ ಮೇಲೆ ಏನು ಕಂಡಿತು? ಉತ್ತರ ಹೇಳುತ್ತಾ ಹೇಳುತ್ತಾ ತೋರಿಕೆಯ ದಾನ ಏಕೆ ನಿಲ್ಲದೆಂದು ಮಗುವಿಗೆ ತಾನಾಗಿಯೇ ತಿಳಿಯುತ್ತದೆ.

ಮಗು ಕಾಣದ ವಸ್ತುವಾದರೆ? ಐದು ಹೊತ್ತಿನ ನಮಾಜನ್ನು ಪ್ರವಾದಿ(ಸ)ರವರು ಮನೆ ಬಾಗಿಲಲ್ಲೇ ಹರಿಯುವ ನದಿಗೆ ಹೋಲಿಸಿದರು. ಅದರಲ್ಲಿ ದಿನಕ್ಕೆ ಐದು ಬಾರಿ ಮಿಂದವನ ಮೈಯಲ್ಲಿ ಕೊಳೆ ಉಳಿಯದು. ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಆದ್ದರಿಂದ ಕೆರೆ ತುಂಬಿ ಕೋಡಿ ಹರಿದದ್ದನ್ನು ನೆನಪಿಸಿ, 'ಆ ನೀರು ನಿಲ್ಲದೆ ನಮ್ಮ ಹೊಸ್ತಿಲ ಮುಂದೆಯೇ ಹರಿಯುತ್ತಿದ್ದರೆ?' ಎಂದು ಕೇಳಿ. ಕಂಡದ್ದರಿಂದ ಕಾಣದ್ದಕ್ಕೆ ದಾರಿ ಸಿಗುತ್ತದೆ.

ಗೆರೆ ಎಳೆದು ಕಲಿಸುವುದೂ ಸುನ್ನತ್‌ನಲ್ಲಿದೆ. ಅಬ್ದುಲ್ಲಾ ಇಬ್ನ್ ಮಸ್‌ಊದ್(ರ) ವರದಿ ಮಾಡಿದ, ಬುಖಾರಿಯಲ್ಲಿರುವ ಹದೀಸ್ ಪ್ರಕಾರ, ಪ್ರವಾದಿ(ಸ)ರವರು ಒಂದು ಚೌಕ ಎಳೆದರು. ಅದರ ನಡುವಿನಿಂದ ಹೊರಗೆ ಚಾಚಿದ ಒಂದು ಗೆರೆ, ಪಕ್ಕದಲ್ಲಿ ಸಣ್ಣ ಗೆರೆಗಳು. ನಡುವೆ ಇರುವವನು ಮನುಷ್ಯ, ಸುತ್ತುವರಿದಿರುವುದು ಅವನ ಆಯುಷ್ಯ, ಹೊರಗೆ ಚಾಚಿದ್ದು ಅವನ ಆಸೆ, ಸಣ್ಣ ಗೆರೆಗಳು ಬಂದೆರಗುವ ಕಷ್ಟಗಳು. ಮಗು ಇದನ್ನು ಸ್ಲೇಟಿನಲ್ಲಿ ಎಳೆದು, ತಾನೇ ವಿವರಿಸಲಿ.

ಇಲ್ಲೊಂದು ಮಿತಿಯಿದೆ. ಅಲ್ಲಾಹನಿಗೆ ಹೋಲಿಕೆಯಿಲ್ಲ, ಅವನಿಗೆ ರೂಪ ಕಲ್ಪಿಸಬಾರದು, ಪ್ರವಾದಿಗಳ ಚಿತ್ರ ಬರೆಯಬಾರದು. ಮಕ್ಕಳು ಕೇಳಿದರೆ ಗದರಬೇಡಿ, ಕಾರಣ ತಿಳಿಸಿ.

ಇಂದಿನಿಂದಲೇ ಮಗ್ರಿಬ್ ನಮಾಜಿನ ಬಳಿಕ ಹತ್ತು ನಿಮಿಷ ಮಗುವಿನ ಜೊತೆ ಕುಳಿತುಕೊಳ್ಳಿ. ಶಾಲೆಯ ಕನ್ನಡ ಪಾಠದ ನಾಲ್ಕು ಸಾಲು ಓದಿಸಿ ನಿಲ್ಲಿಸಿ. ಏನು ಕಂಡಿತು, ಏನು ಕೇಳಿಸಿತು ಎಂದು ಮನೆಮಾತಿನಲ್ಲೇ ಹೇಳಲಿ. ಇದಕ್ಕೆ ನಿಮಗೆ ಓದು ಬರಲೇಬೇಕೆಂದಿಲ್ಲ, ಕೇಳುವ ತಾಳ್ಮೆ ಇದ್ದರೆ ಸಾಕು.

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತ ಜ್ಞಾನವನ್ನು ಕರುಣಿಸಲಿ. ಆಮೀನ್.